ಗೋಕರ್ಣದ ಮಾಸ್ತರರು

‘ಮುಂಗಾರು ಮಳೆ’ಗೆ ಹಾಡು ಬರೆದ ಜಯಂತ ಕಾಯ್ಕಿಣಿ ನಮಗೆಲ್ಲ ಗೊತ್ತು. ಅವರ ತಂದೆ ಗೌರೀಶ ಕಾಯ್ಕಿಣಿ (1912–2002)? ನಮ್ಮಲ್ಲಿ ಬಹಳ ಜನ ಹೆಸರೇ ಕೇಳಿಲ್ಲ.

ಹುಟ್ಟಿದ್ದು ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ. ಪಕ್ಕದ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಿಕೆ. ಯುರೋಪಿನ ಚಿಂತಕರನ್ನು ಓದಿ ಕನ್ನಡಕ್ಕೆ ಪರಿಚಯಿಸಿದರು. ಅವರ ಮನಸ್ಸು ನೆಟ್ಟಿದ್ದು ಎಂ.ಎನ್. ರಾಯ್ ಅವರ ನವಮಾನವತಾವಾದದಲ್ಲಿ. 1929ರಲ್ಲಿ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನಿಂದ ಹೊರಬಿದ್ದ ರಾಯ್, 1948ರಲ್ಲಿ ತಮ್ಮ ಪಕ್ಷವನ್ನೇ ವಿಸರ್ಜಿಸಿಬಿಟ್ಟರು! ಪಕ್ಷ ಅಂದ್ರೆ ಅಧಿಕಾರದ ಬೆನ್ನು ಹತ್ತೋದು. ಮೊದಲು ಮನುಷ್ಯ ಸ್ವತಂತ್ರವಾಗಿ ಯೋಚಿಸಬೇಕು ಅನ್ನೋದು ಅವರ ವಾದ. ಹಾಗಾದ್ರೆ ಉಳಿಯೋದೇನು? ತರಗತಿ, ಪತ್ರಿಕೆ, ಪುಸ್ತಕ. ಗೌರೀಶರು ಹಿಡಿದದ್ದೂ ಅದನ್ನೇ.

ಮಹಾಬಲೇಶ್ವರನ ತೇರು ಎಳೆಯೋ ಊರಲ್ಲಿ ವಿಚಾರವಾದಿಯಾಗಿ ಬಾಳೋದು, ಹಾಸ್ಟೆಲ್ ರೂಮಲ್ಲಿ ವಾದ ಮಾಡಿದಷ್ಟು ಸುಲಭ ಅಲ್ಲ ಬಿಡಿ. ಅವರು ಅಲ್ಲೇ ಬಾಳಿದರು, ಬರೆಯುತ್ತಲೇ ಇದ್ದರು.