ಮನೆಮಾತಿನಲ್ಲಿ ಅಕ್ಷರ ಹತ್ತಿಸಿದ ಲಾಸಾಲ್

ಮಡಕಶಿರಾ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವವನು ಫ್ರಾನ್ಸ್ ದೇಶದ ಪಾದ್ರಿಯೊಬ್ಬರ ಕತೆ ಬರೆಯೋದೇನು ಬಂತು ಅಂತ ಓದುಗ ಬಂಧುಗಳು ಕೇಳಬಹುದು. ಕಾರಣ ಇದೆ. ನಮ್ಮ ಕಡೆ ಮಗು ಮನೆಯಲ್ಲಿ ಕನ್ನಡ ಆಡುತ್ತೆ, ಸಂತೆಯಲ್ಲಿ ತೆಲುಗು ಆಡುತ್ತೆ, ಶಾಲೆಗೆ ಸೇರಿಸೋ ಹೊತ್ತಿಗೆ ಇಂಗ್ಲಿಷಿನ ಆಸೆ ಬಂದು ಕೂರುತ್ತೆ. ಅಕ್ಷರ ಮೊದಲು ಯಾವ ಭಾಷೆಯಲ್ಲಿ ಹತ್ತಿಸಬೇಕು ಅನ್ನೋ ಜಗಳ ವರ್ಷಾವರ್ಷ ಜೂನ್ ತಿಂಗಳಲ್ಲಿ ಗಂಡ ಹೆಂಡಿರ ನಡುವೆಯೂ ಏಳುತ್ತೆ. ಇದೇ ಪ್ರಶ್ನೆಯನ್ನು ಮುನ್ನೂರು ವರ್ಷಗಳ ಹಿಂದೆ ಬಡವರ ಮಕ್ಕಳ ಪಕ್ಕದಲ್ಲಿ ನಿಂತು ಯೋಚಿಸಿ, ಶಾಲೆ ನಡೆಸಿ ತೋರಿಸಿದವರು ಜಾನ್ ಬ್ಯಾಪ್ಟಿಸ್ಟ್ ಡಿ ಲಾಸಾಲ್. ಕ್ಯಾಥೊಲಿಕ್ ಶಾಲೆ ಅಂದರೆ ನಮಗೆ ಇಂಗ್ಲಿಷ್ ಕಾನ್ವೆಂಟೇ ಕಣ್ಣ ಮುಂದೆ ಬರುತ್ತೆ. ಆ ಪರಂಪರೆಯ ಹಿರಿಯರೊಬ್ಬರು ಮನೆಮಾತಿಗೆ ಹಟ ಹಿಡಿದವರು ಅನ್ನೋದು ತಿಳಿದಿರಲಿ ಅಂತ ಈ ಬರಹ.

ಲಾಸಾಲರು ಹುಟ್ಟಿದ್ದು 1651ರ ಏಪ್ರಿಲ್ 30ರಂದು, ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ. ಆ ದೇಶದ ರಾಜರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದ ಊರದು. ತಂದೆ ನ್ಯಾಯಾಲಯದ ಅಧಿಕಾರಿ. ಆಸ್ತಿಪಾಸ್ತಿ, ಆಳುಕಾಳು ಯಾವುದಕ್ಕೂ ಕಮ್ಮಿ ಇರಲಿಲ್ಲ. ಬದುಕುಳಿದ ಏಳು ಮಕ್ಕಳಲ್ಲಿ ಇವರೇ ಹಿರಿಯರು. ಹದಿನಾರು ತುಂಬುವ ಮೊದಲೇ, 1667ರಲ್ಲಿ, ಊರಿನ ಮಹಾದೇವಾಲಯದ ಪಾದ್ರಿ ಮಂಡಳಿಯಲ್ಲಿ ಇವರಿಗೊಂದು ಸ್ಥಾನ ಸಿಕ್ಕಿತು. ನಮ್ಮ ಕಡೆಯ ಮಾನ್ಯದ ಭೂಮಿ ಇದ್ದಂಗೆ, ಜೀವಮಾನ ಪೂರ್ತಿ ವರಮಾನ ಬರುವ ಸ್ಥಾನ. ಪ್ಯಾರಿಸ್ಸಿಗೆ ಓದಲು ಹೋದಾಗ 1671ರಲ್ಲಿ ತಾಯಿ ತೀರಿಕೊಂಡರು, ಮರುವರ್ಷ ತಂದೆಯೂ ಹೋದರು. ಇಪ್ಪತ್ತೊಂದರ ಹುಡುಗ ಊರಿಗೆ ಬಂದು ತಮ್ಮ ತಂಗಿಯರ ಭಾರ ಹೊತ್ತರು. ಓದನ್ನೂ ಕೈಬಿಡದೆ 1678ರಲ್ಲಿ ಗುರುದೀಕ್ಷೆ ಪಡೆದರು. 1680ರಲ್ಲಿ ದೇವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಬಂತು.

ಇಲ್ಲಿಯವರೆಗೆ ಇದು ಒಬ್ಬ ದೊಡ್ಡ ಮನೆತನದ ಪಾದ್ರಿಯ ಕತೆ. ಅದು ಹೊರಳಿದ್ದು 1679ರಲ್ಲಿ. ಅಡ್ರಿಯನ್ ನಿಯೆಲ್ ಎಂಬ ವಯಸ್ಸಾದವರೊಬ್ಬರು ರುವಾನ್ ಪಟ್ಟಣದಿಂದ ಬಂದು, ಬಡ ಗಂಡುಮಕ್ಕಳಿಗೆ ಧರ್ಮಶಾಲೆ ತೆರೆಯಬೇಕು, ಸಹಾಯ ಮಾಡಿ ಎಂದು ಕೇಳಿದರು. ಲಾಸಾಲರು ಒಪ್ಪಿದರು. ಏನೋ ನಾಲ್ಕು ದಿನ ಮುಂದೆ ನಿಂತು ಶಾಲೆ ಶುರು ಮಾಡಿಸಿ ಪಕ್ಕಕ್ಕೆ ಸರಿಯೋಣ ಅಂತ ಅಷ್ಟೇ ಅವರ ಲೆಕ್ಕ. ಶಾಲೆ ಶುರುವಾಯಿತು, ಮಕ್ಕಳೂ ಬಂದರು. ಆದರೆ ಮೇಷ್ಟ್ರುಗಳು ಹೇಳಿಕೊಳ್ಳುವಂತಿರಲಿಲ್ಲ. ಬೇರೆ ಕೆಲಸ ಸಿಗದೆ ಬಂದವರು, ತಮಗೇ ಶಿಸ್ತಿಲ್ಲದವರು, ಹೊಟ್ಟೆಗೆ ಸರಿಯಾಗಿ ಇಲ್ಲದವರು. ಗುರುವೇ ಹಿಂಗಿದ್ದರೆ ಶಿಷ್ಯ ಹೆಂಗಾದಾನು? ಅವರನ್ನು ತಿದ್ದಬೇಕಾದರೆ ಹತ್ತಿರ ಇಟ್ಟುಕೊಳ್ಳಬೇಕು ಅನ್ನಿಸಿತು. ಮೊದಲು ಊಟಕ್ಕೆ ಕರೆದರು. 1681ರ ಜೂನ್ 24ರಂದು ಎಲ್ಲರನ್ನೂ ತಮ್ಮ ಮನೆಗೇ ತಂದಿಟ್ಟುಕೊಂಡರು.

ಬಂಧುಬಳಗ ಕೆಂಡವಾಯಿತು. ಆ ಕಾಲದಲ್ಲಿ ಬಡಶಾಲೆಯ ಮೇಷ್ಟ್ರು ಅಂದರೆ ಮನೆಯ ಆಳಿಗಿಂತ ಕಡೆ. ಅಂಥವರ ಜೊತೆ ಒಂದೇ ಮೇಜಿನಲ್ಲಿ ಊಟವೇ ಅಂತ ರೇಗಿ, ಲಾಸಾಲರ ಆಶ್ರಯದಲ್ಲಿದ್ದ ತಮ್ಮಂದಿರಲ್ಲಿ ಕೆಲವರನ್ನು ಬಿಡಿಸಿಕೊಂಡು ಹೋದರು. ಅವರೇ ಮರುವರ್ಷ ಮನೆ ಬಿಟ್ಟು, ಮೇಷ್ಟ್ರುಗಳ ಜೊತೆ ಬಾಡಿಗೆ ಮನೆಗೆ ಹೋಗಿ ಸೇರಿದರು.

ಅಲ್ಲಿ ಇನ್ನೊಂದು ಪೆಟ್ಟು ಬಿತ್ತು. ದೇವರನ್ನು ನಂಬಿ, ನಾಳೆಯ ಚಿಂತೆ ಬಿಡಿ ಎಂದು ಇವರು ಉಪದೇಶ ಮಾಡಿದರೆ, ಮೇಷ್ಟ್ರುಗಳು ಮುಖ ಮುಚ್ಚಿಕೊಳ್ಳದೆ ಉತ್ತರ ಕೊಟ್ಟರಂತೆ. ನಿಮಗೆ ಆಸ್ತಿ ಇದೆ, ದೇವಾಲಯದ ವರಮಾನ ಇದೆ, ನಂಬಿಕೆ ನಿಮಗೆ ಸುಲಭ, ನಾಳೆ ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ನಾವು ಎಂದರು. ಮಳೆ ನಂಬಿ ಬಿತ್ತುವವನಿಗೂ ಬಾವಿ ಇಟ್ಟುಕೊಂಡು ಬಿತ್ತುವವನಿಗೂ ಇರುವ ವ್ಯತ್ಯಾಸ ಅದು. ಲಾಸಾಲರು ಸಿಟ್ಟಾಗಲಿಲ್ಲ. 1683ರಲ್ಲಿ ದೇವಾಲಯದ ಸ್ಥಾನ ಬಿಟ್ಟರು. ಅದನ್ನು ತಮ್ಮನಿಗೆ ಕೊಡಿ ಅಂತ ಎಲ್ಲರೂ ಹೇಳಿದರೂ ಒಬ್ಬ ಬಡ ಪಾದ್ರಿಗೆ ಬಿಟ್ಟುಕೊಟ್ಟರು. 1684-85ರ ಚಳಿಗಾಲದಲ್ಲಿ ಆ ಸೀಮೆಗೆ ಬರ ಬಂತು. ತಮ್ಮ ಪಾಲಿನ ಆಸ್ತಿಯನ್ನೆಲ್ಲ ರೊಟ್ಟಿ ಮಾಡಿ ಹಸಿದವರಿಗೆ ಹಂಚಿದರು. ಆಮೇಲೆ ಅವರೂ ಮೇಷ್ಟ್ರುಗಳೂ ಒಂದೇ ಸಮ. ಮೇಷ್ಟ್ರುಗಳು ಒಬ್ಬರನ್ನೊಬ್ಬರು ಬ್ರದರ್, ಅಂದರೆ ಸಹೋದರ ಅಂತ ಕರೆದುಕೊಂಡರು. ಇವರು ಪಾದ್ರಿಗಳಾಗಬಾರದು, ಪಾಠ ಹೇಳುವುದೇ ಇವರ ವ್ರತ ಅನ್ನುವ ಕಟ್ಟಳೆ ಆಯಿತು.

ಈಗ ಆ ಶಾಲೆಯೊಳಗೆ ಹೋಗೋಣ. ಶಾಲೆ ಹೇಗೆ ನಡೆಸಬೇಕು ಅಂತ ಲಾಸಾಲರು ತಮ್ಮ ಸಹೋದರರ ಅನುಭವ ಕೂಡಿಸಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅದು ಅಚ್ಚಾದದ್ದು ಅವರು ತೀರಿದ ಮೇಲೆ, 1720ರಲ್ಲಿ. ಕಾಸಿಲ್ಲದ ಶಾಲೆ. ಬಡವನ ಮಗನೂ ಅನುಕೂಲಸ್ಥನ ಮಗನೂ ಒಂದೇ ಬೆಂಚಿನಲ್ಲಿ. ಮಕ್ಕಳು ಬುತ್ತಿ ತಂದು ಶಾಲೆಯಲ್ಲೇ ತಿನ್ನಬೇಕು. ಮಾನವಾಗಿ ಕೂತು ತಿನ್ನುವುದೂ ಒಂದು ಪಾಠ. ಒಬ್ಬ ಹುಡುಗ ಬುಟ್ಟಿ ಹಿಡಿದು ಬರುತ್ತಾನೆ, ಇದ್ದವರು ತಮ್ಮ ರೊಟ್ಟಿಯಲ್ಲಿ ಚೂರು ಹಾಕುತ್ತಾರೆ, ಅದು ಬುತ್ತಿ ಇಲ್ಲದ ಮಕ್ಕಳಿಗೆ. ದಾನ ಅನ್ನೋ ಪದವನ್ನು ಬಾಯಿಪಾಠ ಮಾಡಿಸಲಿಲ್ಲ, ದಿನಾ ಕೈಯಲ್ಲಿ ಮಾಡಿಸಿದರು. ಗಂಟೆ ಬಾರಿಸುವವನು, ಬೀಗದ ಕೈ ಇಟ್ಟುಕೊಳ್ಳುವವನು, ಕಸ ಗುಡಿಸುವವನು, ಶಾಲೆಗೆ ಬಾರದವರ ಮನೆಗೆ ಹೋಗಿ ವಿಚಾರಿಸುವವನು, ಹೀಗೆ ಮಕ್ಕಳಿಗೇ ಜವಾಬ್ದಾರಿ. ಮೇಷ್ಟ್ರು ಕೂಗಾಡುವಂತಿಲ್ಲ. ಮರದ ಒಂದು ಸಣ್ಣ ಸಾಧನ ಟಕ್ ಅನ್ನಿಸಿ ಸನ್ನೆ ಮಾಡಿದರೆ ಸಾಕು. ತುಂಟ ಹುಡುಗನನ್ನು ಇಬ್ಬರು ಸಮಾಧಾನಿಗಳ ನಡುವೆ ಕೂರಿಸಬೇಕು. ಅಡ್ಡಹೆಸರಿಟ್ಟು ಕರೆಯಬಾರದು, ಅವನ ಹೆಸರೇ ಹೇಳಬೇಕು. ಮಕ್ಕಳಿಂದಾಗಲಿ ಅವರ ಮನೆಯವರಿಂದಾಗಲಿ ಮೇಷ್ಟ್ರು ಕಾಣಿಕೆ ಮುಟ್ಟಬಾರದು. ಪ್ರತಿಯೊಂದು ಮಗುವಿನ ಗುಣ ಸ್ವಭಾವ ಬರೆದಿಟ್ಟು, ಮುಂದಿನ ಮೇಷ್ಟ್ರಿಗೆ ಒಪ್ಪಿಸಬೇಕು.

ಬೆಳಿಗ್ಗೆ ಮಕ್ಕಳು ಸಾಲಾಗಿ ಚರ್ಚಿಗೆ ಹೋಗಿ ಬಲಿಪೂಜೆ ಮುಗಿಸಬೇಕು. ದಿನಕ್ಕೊಮ್ಮೆ ಧರ್ಮೋಪದೇಶ. ಮಕ್ಕಳನ್ನು ಒಳ್ಳೆ ಕ್ರೈಸ್ತರನ್ನಾಗಿ ಮಾಡುವುದೇ ಅವರ ಮೊದಲ ಗುರಿ, ಅದನ್ನು ಅವರು ಮುಚ್ಚಿಟ್ಟವರಲ್ಲ. ಕಾಲದ ಮಿತಿಗಳೂ ಇದ್ದವು. ದಂಡನೆಯನ್ನು ಪೂರ್ತಿ ಬಿಟ್ಟಿರಲಿಲ್ಲ. ಆದರೆ ಅದು ಅಪರೂಪವಾಗಬೇಕು, ಸಿಟ್ಟಿನಲ್ಲಿ ಕೈ ಎತ್ತಬಾರದು ಅಂತ ಕಟ್ಟಿದರು. ಅವರ ಶಾಲೆಗಳು ಗಂಡುಮಕ್ಕಳಿಗೆ ಮಾತ್ರ.

ಇನ್ನು ಭಾಷೆಯ ವಿಚಾರ. ಆಗ ಓದು ಕಲಿಸುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಚರ್ಚಿನ ಭಾಷೆ, ಪಂಡಿತರ ಭಾಷೆ, ಮಗುವಿಗೆ ಒಂದು ಪದವೂ ತಿಳಿಯದ ಭಾಷೆ. ಲಾಸಾಲರು ಇದನ್ನು ತಿರುಗಿಸಿ, ಮೊದಲು ಫ್ರೆಂಚ್ ಅಂದರು. ಬಿಷಪ್ಪರೊಬ್ಬರು ಒಪ್ಪದಿದ್ದಾಗ ಕಾರಣಗಳನ್ನು ಬರೆದು ಮುಂದಿಟ್ಟರು. ಅದರ ಸಾರ ಇಷ್ಟು. ಆಡುವ ಮಾತನ್ನು ಓದಲು ಕಲಿಯೋದು ಸುಲಭ, ಬೇಗ. ಬಡವರ ಮಗು ಬೇಗನೆ ಶಾಲೆ ಬಿಟ್ಟು ದುಡಿಯಲು ಹೋಗುತ್ತೆ. ಅಷ್ಟರೊಳಗೆ ಲ್ಯಾಟಿನ್ ಅರ್ಧಂಬರ್ಧ ಕಲಿತರೆ ಅದೂ ಇಲ್ಲ, ಇದೂ ಇಲ್ಲ. ಮನೆಮಾತು ಓದಲು ಬಂದವನಿಗೆ ಆಮೇಲೆ ಲ್ಯಾಟಿನ್ ಓದೋದೇನೂ ಕಷ್ಟವಲ್ಲ. ಲ್ಯಾಟಿನ್ನನ್ನು ಅವರು ಹೊರಗೆ ಹಾಕಲಿಲ್ಲ, ಹಿಂದಿನ ಸಾಲಿಗೆ ಸರಿಸಿದರು ಅಷ್ಟೇ.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಪದ್ಯ ಕಟ್ಟೋದು ಎರಡು ಭಾಷೆಯಲ್ಲಿ. ಕನ್ನಡ ಅಕ್ಷರ ಕೈಗೆ ಹತ್ತಿದ ಮೇಲೆ ತೆಲುಗು ಅಕ್ಷರ ನನಗೆ ತಲೆಕಟ್ಟಿನಷ್ಟು ವ್ಯತ್ಯಾಸವಾಗಿ ಕಂಡಿತು. ಮೊದಲ ಕಾಳು ಮೊಳೆತರೆ ಎರಡನೆಯದಕ್ಕೆ ನೆಲ ಹದವಾಗಿರುತ್ತೆ.

ಶಾಲೆಯಲ್ಲಿ ಏನು ಓದಿಸುತ್ತಿದ್ದರು ಅನ್ನೋದನ್ನು ನಮ್ಮ ವ್ಯಾಪಾರಿ ಬಂಧುಗಳು ಗಮನಿಸಬೇಕು. ಲೆಕ್ಕವನ್ನು ಆ ದೇಶದ ನಾಣ್ಯಗಳಲ್ಲೇ ಹೇಳಿಕೊಡುತ್ತಿದ್ದರು. ದೊಡ್ಡ ತರಗತಿಯ ಮಕ್ಕಳು ಕೈಬರಹದ ಪತ್ರಗಳನ್ನು ಓದಬೇಕು. ರಸೀದಿ, ಸಾಲದ ಚೀಟಿ, ಗುತ್ತಿಗೆ ಕರಾರು ನಕಲು ಮಾಡಬೇಕು. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕತೆ ನಮ್ಮೂರುಗಳಲ್ಲಿ ಕಮ್ಮಿಯೇ? ತನ್ನ ಭಾಷೆಯಲ್ಲಿ ಕರಾರು ಓದಬಲ್ಲವನಿಗೆ ಮೋಸ ಮಾಡೋದು ಕಷ್ಟ. ಮಗನನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವ ತಂದೆಗೆ ಮೇಷ್ಟ್ರೇ ಬುದ್ಧಿ ಹೇಳಬೇಕು, ಓದು ಬರಹ ಬಾರದವನು ಯಾವ ಕೆಲಸಕ್ಕೂ ಏಳಿಗೆಯಾಗಲಾರ ಅಂತ ತಿಳಿಸಬೇಕು ಅನ್ನುವುದೂ ಆ ಪುಸ್ತಕದಲ್ಲಿದೆ.

1688ರಲ್ಲಿ ಲಾಸಾಲರು ಪ್ಯಾರಿಸ್ಸಿಗೆ ಹೋದರು. ಅಲ್ಲಿ ಕಾಸು ಪಡೆದು ಬರವಣಿಗೆ ಕಲಿಸುವವರದೇ ಒಂದು ಸಂಘ, ಅವರಿಗೆ ಸರ್ಕಾರದ ಹಕ್ಕುಪತ್ರ ಬೇರೆ. ಬಿಟ್ಟಿ ಶಾಲೆಗೆ ಕಾಸುಳ್ಳವರ ಮಕ್ಕಳೂ ಹೋದರೆ ತಮ್ಮ ಗಿರಾಕಿ ತಪ್ಪುತ್ತದೆ ಅಂತ ಅವರು ಕೋರ್ಟಿಗೆ ಹೋದರು. 1704ರ ಸುಮಾರಿಗೆ ಜಪ್ತಿ, ದಂಡ ಎಲ್ಲಾ ಆಯಿತು. ಬಡವ ಶ್ರೀಮಂತ ಅಂತ ಮಕ್ಕಳನ್ನು ಬೇರೆ ಮಾಡಿ ಕೂರಿಸಲು ಲಾಸಾಲರು ಒಪ್ಪಲಿಲ್ಲ. ಅದಕ್ಕೂ ಮೊದಲು, ಸಹೋದರರು ಕಾಯಿಲೆಯಿಂದ ಸಾಯುತ್ತಾ, ಸಂಘ ಬಿಡುತ್ತಾ ಎಲ್ಲವೂ ಕುಸಿಯುವಂತಿದ್ದ 1691ರಲ್ಲಿ, ಇಬ್ಬರು ಸಹೋದರರ ಜೊತೆ ಸೇರಿ ಒಂದು ಹರಕೆ ಹೊತ್ತಿದ್ದರು. ಭಿಕ್ಷೆ ಎತ್ತಿ, ಬರೀ ರೊಟ್ಟಿ ತಿಂದು ಬದುಕಬೇಕಾಗಿ ಬಂದರೂ ಈ ಕೆಲಸ ಬಿಡುವುದಿಲ್ಲ ಅಂತ. ಮೂರು ವರ್ಷದಲ್ಲಿ ಹನ್ನೆರಡು ಜನ ಅವರೊಡನೆ ಜೀವಮಾನದ ವ್ರತ ತೊಟ್ಟರು.

ಅವರ ದೊಡ್ಡ ಪರೀಕ್ಷೆ ಬಂದದ್ದು ಅರವತ್ತು ದಾಟಿದ ಮೇಲೆ. ಕೋರ್ಟಿನ ತೀರ್ಪುಗಳು, ನಂಬಿದವರ ವಿರೋಧ, ತನ್ನಿಂದಲೇ ಸಂಘಕ್ಕೆ ಕೇಡಾಯಿತೇನೋ ಅನ್ನೋ ಕೊರಗು. 1712ರಲ್ಲಿ ಪ್ಯಾರಿಸ್ ಬಿಟ್ಟು ದಕ್ಷಿಣಕ್ಕೆ ಹೋದರು. ಗ್ರೆನೋಬಲ್ ಊರಿನಲ್ಲಿ ಸಹೋದರರೊಬ್ಬರು ಪ್ರಯಾಣ ಹೋದಾಗ, ಡಾಕ್ಟರ್ ಪದವಿಯ ಈ ಮುದುಕರು ಅವರ ಬದಲಿಗೆ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿದರು. 1714ರ ಏಪ್ರಿಲ್ 1ರಂದು ಪ್ಯಾರಿಸ್ಸಿನ ಸಹೋದರರು ಕಾಗದ ಬರೆದು, ವಾಪಸ್ಸು ಬಂದು ಹೊಣೆ ಹೊರಬೇಕು ಅಂತ ಅಪ್ಪಣೆಯನ್ನೇ ಮಾಡಿದರು. ತಾವೇ ಕಟ್ಟಿದ ಸಂಘದ ಮಾತಿಗೆ ತಲೆಬಾಗಿ ಅವರು ಮರಳಿದರು. 1717ರಲ್ಲಿ ಸಹೋದರರಲ್ಲೇ ಒಬ್ಬರಾದ ಬಾರ್ತಲೋಮಿಯವರನ್ನು ಮುಖ್ಯಸ್ಥರನ್ನಾಗಿ ಆರಿಸುವಂತೆ ಮಾಡಿ, ತಾವು ಅವರ ಕೈಕೆಳಗೆ ನಡೆದುಕೊಂಡರು. 1719ರ ಏಪ್ರಿಲ್ 7, ಶುಭ ಶುಕ್ರವಾರದ ದಿನ ರುವಾನಿನಲ್ಲಿ ಕಣ್ಣು ಮುಚ್ಚಿದರು. ಆಗ ಸಂಘದಲ್ಲಿದ್ದವರು ನೂರು ಜನರಷ್ಟು.

1900ರಲ್ಲಿ ಚರ್ಚು ಅವರನ್ನು ಸಂತರೆಂದು ಸಾರಿತು. 1950ರಲ್ಲಿ ಶಿಕ್ಷಕರ ಪಾಲಕ ಸಂತ ಅನ್ನುವ ಗೌರವ ಬಂತು. ಅವರ ಸಂಘದ ಶಾಲೆಗಳು ಎಷ್ಟೋ ದೇಶಗಳಿಗೆ ಹಬ್ಬಿವೆ, ನಮ್ಮ ದೇಶದಲ್ಲೂ ಇವೆ.

ಗಡಿಯ ರೈತ ಬಂಧುಗಳಿಗೆ ನನ್ನ ಅರಿಕೆ ಇಷ್ಟೆ. ತೆಲುಗು ಬೇಕು, ಇಂಗ್ಲಿಷೂ ಬೇಕು, ಇಲ್ಲ ಅಂದವರು ಯಾರು? ಆದರೆ ಮೊದಲ ಅಕ್ಷರ ತಾಯಿ ಆಡೋ ಮಾತಿನದಾಗಲಿ. ಶಾಲೆ ಆರಿಸುವಾಗ ಕಟ್ಟಡ, ಬಸ್ಸು, ಟೈ ನೋಡುವ ಮುಂಚೆ ಎರಡು ಮಾತು ವಿಚಾರಿಸಿ: ಅಲ್ಲಿನ ಮೇಷ್ಟ್ರು ನಮ್ಮ ಮಗುವನ್ನು ಅದರ ಹೆಸರು ಹಿಡಿದು ಕರೆಯುತ್ತಾರಾ? ಬುತ್ತಿ ತರದ ಮಗುವಿಗೆ ಪಕ್ಕದ ಮಗು ತನ್ನ ರೊಟ್ಟಿ ಮುರಿದು ಕೊಡೋದನ್ನು ಕಲಿಸುತ್ತಾರಾ?