ಗಾಯದ ಗುರುತು ಹೊತ್ತ ಸಾಧ್ವಿ: ಸಂತ ಮರಿಯಂ ಬವಾರ್ದಿ

ನೊಂದ ಸ್ತ್ರೀಯ ಮುಖದಲ್ಲಿ ಸೌಂದರ್ಯವನ್ನು ಕಾಣುವುದು ಕ್ರೈಸ್ತ ಕಲೆಯ ಹಳೆಯ ಪರಂಪರೆ. ಮಡಿದ ಮಗನನ್ನು ಮಡಿಲಲ್ಲಿಟ್ಟುಕೊಂಡ ವ್ಯಾಕುಲಮಾತೆಯನ್ನು ಮೈಕೆಲೇಂಜೆಲೊ ಯೌವನವತಿಯಾಗಿಯೇ ಕೆತ್ತಿದನು. 1652ರಲ್ಲಿ ಬರ್ನಿನಿ ರೋಮಿನಲ್ಲಿ ಪೂರೈಸಿದ ಆವಿಲಾದ ಸಂತ ತೆರೇಸಮ್ಮನವರ ಪ್ರತಿಮೆಯಲ್ಲಿ ನೋವೂ ಆನಂದವೂ ಒಂದೇ ಮುಖದಲ್ಲಿ ಬೆರೆತಿವೆ. ಅದೇ ತೆರೇಸಮ್ಮನವರ ಕಾರ್ಮೆಲ್ ಸಭೆಯನ್ನು ಸೇರಿ, ನಮ್ಮ ಮಂಗಳೂರಿನಲ್ಲಿ ಸುಮಾರು ಎರಡು ವರ್ಷ ಬಾಳಿದ ಸಂತ ಮರಿಯಂ ಬವಾರ್ದಿಯವರ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಲು ಬಯಸುತ್ತೇವೆ.

ಮರಿಯಂ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯದ ಇಬಿಲ್ಲಿನ್ ಗ್ರಾಮದಲ್ಲಿ. ಮೂರು ವರ್ಷ ತುಂಬುವ ಮೊದಲೇ ತಂದೆತಾಯಿಯರನ್ನು ಕಳೆದುಕೊಂಡು ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. ಎಳೆಯ ಪ್ರಾಯದಲ್ಲೇ ಮದುವೆ ಗೊತ್ತುಮಾಡಿದಾಗ ಒಪ್ಪದೆ, ತಲೆಗೂದಲನ್ನೇ ಕತ್ತರಿಸಿಕೊಂಡರು. 1858ರಲ್ಲಿ ಅಲೆಕ್ಸಾಂಡ್ರಿಯದಲ್ಲಿ, ವಿಶ್ವಾಸವನ್ನು ತೊರೆಯಲೊಲ್ಲೆನೆಂದಾಗ ಒಬ್ಬನು ಕತ್ತು ಕೊಯ್ದನೆಂದೂ, ನೀಲಿ ಉಡುಪಿನ ಒಬ್ಬ ಸ್ತ್ರೀ ಆರೈಕೆ ಮಾಡಿದರೆಂದೂ ಅವರು ಮುಂದೆ ಹೇಳಿದರು. ಕೊರಳಿನ ಆ ಕಲೆ ಕೊನೆಯವರೆಗೂ ಉಳಿಯಿತು. ಮನೆಗೆಲಸದಾಳಾಗಿ ಊರೂರು ಅಲೆದು, 1867ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಸೇರಿದರು.

1870ರಲ್ಲಿ ಮಂಗಳೂರಿನಲ್ಲಿ ಮಠ ಸ್ಥಾಪಿಸಲು ಹೊರಟವರಲ್ಲಿ ಅವರೂ ಒಬ್ಬರು. ಜೊತೆಗಾರ್ತಿಯರಲ್ಲಿ ಕೆಲವರು ಪ್ರಯಾಣದಲ್ಲೇ ಅಸುನೀಗಿದರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಮರಿಯಂ ವ್ರತದೀಕ್ಷೆ ಪಡೆದರು. ಆದರೆ ಅವರ ಭಾವಪರವಶತೆ, ಮೈಮೇಲೆ ಮೂಡಿದ ಕ್ರಿಸ್ತರ ಗಾಯದ ಗುರುತುಗಳು ಹಿರಿಯರಲ್ಲಿ ಸಂಶಯ ಹುಟ್ಟಿಸಿದವು. 1872ರಲ್ಲಿ ಅವರನ್ನು ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಅವರು ವಿಧೇಯರಾಗಿ ಹೊರಟರು.

ಅದೇ ದಶಕದಲ್ಲಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ವೈದ್ಯ ಶಾರ್ಕೋ ಹಿಸ್ಟೀರಿಯಾ ಪೀಡಿತ ಸ್ತ್ರೀಯರನ್ನು ಪರೀಕ್ಷಿಸುತ್ತಿದ್ದನು. ಅವರು ಮೈಮರೆತ ಭಂಗಿಗಳ ಛಾಯಾಚಿತ್ರಗಳೂ ಅಚ್ಚಾದವು. 1885ರಲ್ಲಿ ಅವನ ಬಳಿ ಕಲಿಯಲು ಬಂದ ಫ್ರಾಯ್ಡ್, 1895ರಲ್ಲಿ ಬ್ರೂಯರ್‌ನೊಡನೆ ಪ್ರಕಟಿಸಿದ ಗ್ರಂಥದಲ್ಲಿ ಸಂತ ತೆರೇಸಮ್ಮನವರ ಹೆಸರೂ ಹಿಸ್ಟೀರಿಯಾದೊಡನೆ ಸೇರಿಕೊಂಡಿತು. ಮನೋವಿಶ್ಲೇಷಣೆಯನ್ನು ನಾವು ಹಗೆಯೆಂದು ಬಗೆಯಬೇಕಿಲ್ಲ. ಬಾಯಿಬಿಟ್ಟು ಹೇಳಲಾಗದ ದುಃಖ ದೇಹದಲ್ಲಿ ಬೇನೆಯಾಗಿ ಮೂಡಬಹುದೆಂದು, ನೊಂದವಳ ಮಾತಿಗೆ ಕಿವಿಗೊಡಬೇಕೆಂದು ಅದು ಕಲಿಸಿತು. ಆದರೆ ಶಿಲ್ಪಿ ಕಂಡದ್ದು ಭಂಗಿಯನ್ನು, ವೈದ್ಯ ಕಂಡದ್ದು ರೋಗವನ್ನು. ಧರ್ಮಸಭೆ ಸಂತರನ್ನು ಪರೀಕ್ಷಿಸುವಾಗ ಗಾಯದ ಗುರುತುಗಳಿಗಿಂತ ವಿಶ್ವಾಸ, ನಿರೀಕ್ಷೆ, ಪ್ರೀತಿಗಳನ್ನೇ ತೂಗಿ ನೋಡುತ್ತದೆ.

ಆ ಪ್ರೀತಿ ಮರಿಯಮ್ಮನವರ ಕೊನೆಯ ದಿನಗಳಲ್ಲಿ ಬೆಳಗಿತು. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಹೊಸ ಮಠದ ಕಟ್ಟಡ ಕಾರ್ಯಕ್ಕೆ ದುಡಿದರು. 1878ರ ಆಗಸ್ಟಿನಲ್ಲಿ ಕೂಲಿಯಾಳುಗಳಿಗೆ ಕುಡಿಯುವ ನೀರು ಒಯ್ಯುತ್ತಿದ್ದಾಗ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು, 26ರಂದು ತೀರಿಕೊಂಡರು. ಆಗ ಅವರಿಗೆ 32 ವರ್ಷ. 1983ರಲ್ಲಿ ಧನ್ಯರೆಂದೂ, 2015ರ ಮೇ 17ರಂದು ಸಂತರೆಂದೂ ಘೋಷಿತರಾದರು.

ಆದುದರಿಂದ ಹಿರೇಕೊಟ್ನೆಕಲ್ಲಿನ ಭಕ್ತಾದಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಹೆಣ್ಣಿನ ಮೇಲೆ ಇನ್ನೊಬ್ಬರು ಹೇರಿದ ನೋವನ್ನು ಸಹನೆಯ ಹೆಸರಿನಲ್ಲಿ ಕೊಂಡಾಡಬೇಡಿರಿ; ಕತ್ತು ಕೊಯ್ದದ್ದು ಪಾಪವೇ ಹೊರತು ಸೌಂದರ್ಯವಲ್ಲ. ಮನೆಯಲ್ಲಿ ಮಗಳೋ ಸೊಸೆಯೋ ಕಾರಣ ಹೇಳದೆ ಅತ್ತರೆ, ಮೈಮರೆತು ಬಿದ್ದರೆ, ದೆವ್ವವೆಂದಾಗಲಿ ನಟನೆಯೆಂದಾಗಲಿ ತೀರ್ಪು ಕೊಡಬೇಡಿರಿ. ವೈದ್ಯರ ಬಳಿಗೆ ಕರೆದೊಯ್ಯಿರಿ, ಬಳಿಯಲ್ಲಿ ಕುಳಿತು ಅವಳ ಮಾತು ಕೇಳಿರಿ. ಬಿಸಿಲಲ್ಲಿ ದುಡಿಯುವವರಿಗೆ ಕೊಡ ಹೊತ್ತು ನೀರು ತರುವ ನಮ್ಮ ತಾಯಂದಿರಲ್ಲಿ ಮರಿಯಮ್ಮನವರ ಚೆಲುವನ್ನು ಕಾಣುವ ಕಣ್ಣನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.