ಡೆನ್ನಿಸ್ ರಿಚಿ: ಆ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಸ್ಟೀವ್ ಜಾಬ್ಸ್ ಮತ್ತು ಡೆನ್ನಿಸ್ ರಿಚಿಯವರ ಫೋಟೋಗಳನ್ನು ಅಕ್ಕಪಕ್ಕ ಇಟ್ಟ ಚಿತ್ರವೊಂದು ನಿಮ್ಮ ವಾಟ್ಸ್‌ಆಪ್‌ಗೂ ಬಂದಿರಬಹುದು. ಒಬ್ಬರು ತೀರಿಕೊಂಡಾಗ ಜಗತ್ತೇ ಅತ್ತಿತು, ಇನ್ನೊಬ್ಬರು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ, ರಿಚಿ ಇಲ್ಲದಿದ್ದರೆ ಮೊಬೈಲೇ ಇರುತ್ತಿರಲಿಲ್ಲ ಎನ್ನುವುದು ಅದರ ಸಾರಾಂಶ. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು?

ಯಾರು ಈ ರಿಚಿ?

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆ ಬೆಲ್ ಲ್ಯಾಬ್ಸ್ ಎಂಬ ಪ್ರಸಿದ್ಧ ಸಂಶೋಧನಾಲಯದಲ್ಲಿದ್ದರು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿದ ಮಗನೂ 1967ರಲ್ಲಿ ಅಲ್ಲಿಗೇ ಸೇರಿದರು. ಪಿಎಚ್‌ಡಿ ಪ್ರಬಂಧವನ್ನೂ ಬರೆದು ಮುಗಿಸಿದ್ದರು, ಆದರೆ ಪದವಿ ಮಾತ್ರ ಪಡೆಯಲೇ ಇಲ್ಲ.

1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಹಳೆಯ ಕಂಪ್ಯೂಟರೊಂದರ ಮೇಲೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಲು ತೊಡಗಿದರು. ರಿಚಿ ಜೊತೆಯಾದರು. ಆಗಿನ ದೊಡ್ಡ ತೊಂದರೆ ಒಂದಿತ್ತು. ಆಪರೇಟಿಂಗ್ ಸಿಸ್ಟಂಗಳನ್ನು ಸಾಮಾನ್ಯವಾಗಿ ಆಯಾ ಯಂತ್ರದ ಭಾಷೆಗೆ ತೀರಾ ಹತ್ತಿರವಾದ ಸಂಕೇತಗಳಲ್ಲೇ ಬರೆಯಬೇಕಿತ್ತು. ಒಂದು ಕುಕ್ಕರಿನ ಗ್ಯಾಸ್ಕೆಟ್ ಇನ್ನೊಂದಕ್ಕೆ ಹೊಂದದ ಹಾಗೆ, ಒಂದು ಯಂತ್ರದ ತಂತ್ರಾಂಶ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಂತ್ರ ಬದಲಾದರೆ ಮತ್ತೆ ಮೊದಲಿನಿಂದ ಬರೆಯಬೇಕು.

ಇದಕ್ಕೆ ಸಿಕ್ಕ ಪರಿಹಾರವೇ ರಿಚಿ ರೂಪಿಸಿದ ಸಿ ಭಾಷೆ. ಸಿ ಭಾಷೆಯಲ್ಲಿ ಬರೆದದ್ದನ್ನು ಕಂಪೈಲರ್ ಎಂಬ ತಂತ್ರಾಂಶ ಆಯಾ ಯಂತ್ರದ ಭಾಷೆಗೆ ಅನುವಾದಿಸುತ್ತದೆ. 1973ರಲ್ಲಿ ಯುನಿಕ್ಸನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಅಲ್ಲಿಂದ ಮುಂದೆ ಆಪರೇಟಿಂಗ್ ಸಿಸ್ಟಂ ಒಂದೇ ಯಂತ್ರಕ್ಕೆ ಅಂಟಿಕೊಂಡಿರಬೇಕಾಗಲಿಲ್ಲ. 1983ರಲ್ಲಿ ರಿಚಿ ಮತ್ತು ಥಾಂಪ್ಸನ್ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು.

ಯುನಿಕ್ಸ್ ಬೇರೆ, ಲಿನಕ್ಸ್ ಬೇರೆ

ರಿಚಿ ಯುನಿಕ್ಸನ್ನು ಜಗತ್ತಿಗೆ ಉಚಿತವಾಗಿ ಕೊಟ್ಟರು ಎಂಬ ಮಾತು ಸರಿಯಲ್ಲ. ಅದರ ಹಕ್ಕು ಎಟಿ ಅಂಡ್ ಟಿ ಕಂಪನಿಯದಾಗಿತ್ತು. ವಿಶ್ವವಿದ್ಯಾಲಯಗಳಿಗೆ ಅದು ಕಡಿಮೆ ಶುಲ್ಕಕ್ಕೆ ಸಿಗುತ್ತಿತ್ತು, ಅಷ್ಟೇ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಯುನಿಕ್ಸ್ ಮಾದರಿಯಲ್ಲೇ, ಆದರೆ ಹೊಸದಾಗಿ, ಲಿನಕ್ಸ್ ಬರೆದರು. ಇದು ಮುಕ್ತ ತಂತ್ರಾಂಶ. ಅಂದರೆ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದರ ಬಹುಪಾಲು ಇರುವುದು ಸಿ ಭಾಷೆಯಲ್ಲಿ.

ಇದರ ಲಾಭ ಬೆಂಗಳೂರಿಗೂ ಆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಪ್ರದರ್ಶಿಸಿದರು. ಅದರೊಳಗಿದ್ದದ್ದು ಲಿನಕ್ಸ್. ಮೊದಲು ಲಿನಕ್ಸ್ ಬರೆದದ್ದು ಇಂಟೆಲ್ 386 ಚಿಪ್ ಇದ್ದ ಪಿಸಿಗಾಗಿ. ಸಿಂಪ್ಯೂಟರಿನಲ್ಲಿದ್ದದ್ದು ಬೇರೆಯೇ ಬಗೆಯ ಚಿಪ್. ಆದರೂ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಲಿಲ್ಲ, ಯಾರ ಲೈಸೆನ್ಸಿಗೂ ಕಾಯಬೇಕಾಗಲಿಲ್ಲ. ಕನ್ನಡದ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಅದರಲ್ಲಿತ್ತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಎನ್ನುವುದು ಬೇರೆ ಮಾತು.

2011ರ ಅಕ್ಟೋಬರ್

ಜಾಬ್ಸ್ ತೀರಿಕೊಂಡದ್ದು ಅಕ್ಟೋಬರ್ 5ರಂದು. ನ್ಯೂಜೆರ್ಸಿಯಲ್ಲಿ ಒಬ್ಬರೇ ವಾಸವಿದ್ದ ರಿಚಿ ಮನೆಯಲ್ಲಿ ಮೃತಪಟ್ಟಿದ್ದು ತಿಳಿದದ್ದು 12ರಂದು. ಅವರಿಗೆ 70 ವರ್ಷ. ಸುದ್ದಿ ಸಣ್ಣದಾಗಿತ್ತು ನಿಜ, ಆದರೆ ಯಾರಿಗೂ ಗೊತ್ತಾಗಲಿಲ್ಲ ಎನ್ನುವುದು ತಪ್ಪು. ಪತ್ರಿಕೆಗಳು ಬರೆದವು. ಮುಂದಿನ ತಿಂಗಳು ಬಂದ ಫೆಡೋರಾ ಲಿನಕ್ಸಿನ 16ನೇ ಆವೃತ್ತಿಯನ್ನು ಅವರ ನೆನಪಿಗೆ ಅರ್ಪಿಸಲಾಯಿತು.

ಅದೇ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ನಮ್ಮ ಮೆಟ್ರೊ ಓಡಲಾರಂಭಿಸಿತು. ಇಂದಿರಾನಗರ, ಹಲಸೂರು ದಾಟುವಾಗ ಕಿಟಕಿಯಾಚೆ ಫೋಟೋ ತೆಗೆದವರ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದಿದ್ದರೆ, ಅದರೊಳಗಿದ್ದದ್ದೂ ಲಿನಕ್ಸೇ. ಇಂದು ಕೆ.ಆರ್. ಪುರದ ಮನೆಯ ಆಂಡ್ರಾಯ್ಡ್ ಟಿವಿ, ಶಿವಾಜಿನಗರದ ಅಂಗಡಿಯ ವೈಫೈ ರೂಟರ್, ಕಾರ್ಖಾನೆಗಳ ಅನೇಕ ನಿಯಂತ್ರಣ ಯಂತ್ರಗಳ ಒಳಗೂ ಅದೇ ಇರುತ್ತದೆ. ಇನ್ನೂ ಪುಟ್ಟ ಸಾಧನಗಳಲ್ಲಿ ಕೆಲಸ ಮಾಡುವ ಫ್ರೀಆರ್‌ಟಿಒಎಸ್, ಝೆಫಿರ್ ಎಂಬ ಮುಕ್ತ ವ್ಯವಸ್ಥೆಗಳನ್ನು ಬರೆದಿರುವುದೂ ಸಿ ಭಾಷೆಯಲ್ಲೇ.

ಸಿ ಭಾಷೆಗೆ ಕೊರತೆಯೂ ಇದೆ. ಮೆಮೊರಿಯ ಜವಾಬ್ದಾರಿಯನ್ನು ಅದು ಬರೆಯುವವರಿಗೇ ಬಿಡುತ್ತದೆ. ಅಲ್ಲಿ ಎಡವಿದರೆ ಹ್ಯಾಕರ್‌ಗಳಿಗೆ ದಾರಿಯಾಗಬಹುದು. ಹಾಗಾಗಿ ಫೋನಿಗಷ್ಟೇ ಅಲ್ಲ, ರೂಟರಿಗೂ ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ.

ಹಾಗಾದರೆ ಫಾರ್ವರ್ಡ್ ನಿಜವೇ?

ಅರ್ಧ ನಿಜ. ರಿಚಿ ಇಲ್ಲದಿದ್ದರೂ ಮೊಬೈಲ್ ಬರುತ್ತಿತ್ತೇನೋ, ಆದರೆ ಈ ರೂಪದಲ್ಲಿ ಅಲ್ಲ. ಥಾಂಪ್ಸನ್, ಟೊರ್ವಾಲ್ಡ್ಸ್, ಹೆಸರೇ ಕೇಳದ ಸಾವಿರಾರು ಜನರ ಶ್ರಮವೂ ನಮ್ಮ ಸಾಧನಗಳಲ್ಲಿದೆ. ರಿಚಿಯನ್ನು ನೆನೆಯಲು ಜಾಬ್ಸ್‌ರನ್ನು ಹಳಿಯಬೇಕಿಲ್ಲ. ಆ ಚಿತ್ರ ಮತ್ತೆ ಬಂದರೆ ಇದನ್ನೂ ಜೊತೆಗೆ ಕಳಿಸಿ.